ಶಿವಮೊಗ್ಗದಿಂದ ಆಗುಂಬೆಗೆ, ಕಾರಿನ ಬೆನ್ನಿಗೆ ಎರಡು ಸೈಕಲ್: ಮಂಡಗದ್ದೆಯಲ್ಲಿ ಸಡಿಲಗೊಂಡ ರ‍್ಯಾಕ್‌ನ ಪ್ರಕರಣ ಅಧ್ಯಯನ

ಕಾರಿನ ಹಿಂದೆ ಕಟ್ಟಿದ್ದ ಸೈಕಲ್ ದಾರಿಯಲ್ಲಿ ಜಾರಿತು ಎಂದರೆ ಕೇಳಿದವರು ಮೊದಲು ಕೇಳುವ ಮಾತು, ‘ಕಂಬಿ ಮುರೀತಾ?’ ಎಂದು. ರ‍್ಯಾಕ್‌ನ ಕಂಬಿ ಮುರಿಯುವುದು ಬಹಳ ಅಪರೂಪ. (ರ‍್ಯಾಕ್ ಎಂದರೆ ಫೋಮ್ ಕಾಲುಗಳ ಮೇಲೆ ಕಾರಿನ ಬೆನ್ನಿಗೆ ಆತುಕೊಂಡು, ಕೊಕ್ಕೆಯಿರುವ ಬೆಲ್ಟ್‌ಗಳಿಂದ ಬಿಗಿದು, ಹಿಂದಕ್ಕೆ ಚಾಚಿದ ತೋಳುಗಳ ಮೇಲೆ ಸೈಕಲ್ ನೇತುಹಾಕುವ ಚೌಕಟ್ಟು.) ಬೆಲ್ಟ್ ಸಡಿಲಾಗುತ್ತದೆ, ಕೊಕ್ಕೆ ಜಾರುತ್ತದೆ, ಇಲ್ಲವೇ ಕೊಕ್ಕೆ ಹಿಡಿದುಕೊಂಡಿದ್ದ ಜಾಗವೇ ಸೀಳಿಬಿಡುತ್ತದೆ. ಇಲ್ಲಿ ಬಿಡಿಸಿ ನೋಡುವ ಪ್ರಕರಣದಲ್ಲಿ ಈ ಮೂರೂ ಒಟ್ಟಿಗೇ ಆದವು. ಸೈಕಲ್ ರಸ್ತೆಗೆ ಬೀಳುವ ಮೊದಲೇ ಕಣ್ಣಿಗೆ ಬಿದ್ದದ್ದರಿಂದ ಯಾವುದು ಎಲ್ಲಿ ತಪ್ಪಿತು ಎಂದು ಕೈಯಿಟ್ಟು ತೋರಿಸಲು ಸಾಧ್ಯವಾಯಿತು.

ಪರಿಸ್ಥಿತಿ

ಜೂನ್ ಕೊನೆಯ ವಾರ, ಆರಿದ್ರಾ ಮಳೆ. ಶಿವಮೊಗ್ಗದ ದಂಪತಿಗೆ ತೀರ್ಥಹಳ್ಳಿ ಮೇಲೆ ಆಗುಂಬೆಗೆ ಹೋಗಿ, ಅಲ್ಲಿ ಉಳಿದು, ಗುಡ್ಡೇಕೇರಿ ಕಡೆಯ ರಸ್ತೆಯಲ್ಲಿ ಸೈಕಲ್ ತುಳಿಯುವ ಆಸೆ. ದಾರಿ ಒಟ್ಟು 95 ಕಿಮೀ ಆಸುಪಾಸು. ಕಾರು 173 ಸೆಂಮೀ ಅಗಲದ ಸಾಮಾನ್ಯ ಹ್ಯಾಚ್‌ಬ್ಯಾಕ್. ಡಿಕ್ಕಿ ಬಾಗಿಲ ನೆತ್ತಿಯ ಮೇಲೆ ಸ್ಪಾಯ್ಲರ್, ಬಾಗಿಲ ನಡುವೆ ನಂಬರ್ ಪ್ಲೇಟ್, ಬಂಪರಿನ ಬಲ ಕೆಳಮೂಲೆಯಲ್ಲಿ ಸೈಲೆನ್ಸರ್ ಬಾಯಿ.

ಸೈಕಲ್ ಎರಡು. ಒಂದು 27.5 ಇಂಚು ಗಾಲಿಯ ಉಕ್ಕಿನ ಎಂಟಿಬಿ, ಅಂದರೆ ಮೌಂಟನ್ ಬೈಕ್. ಮುಂದೆ ಸಸ್ಪೆನ್ಷನ್, ಡಿಸ್ಕ್ ಬ್ರೇಕ್, ತೂಕ 17.5 ಕೆಜಿ. ಇನ್ನೊಂದು 26 ಇಂಚು ಗಾಲಿಯ, ಮೇಲಿನ ಅಡ್ಡಕಂಬಿ ಇಲ್ಲದ ಇಳಿಜಾರು ಫ್ರೇಮಿನ ಲೇಡೀಸ್ ಸೈಕಲ್. ಮುಂದೆ ಬುಟ್ಟಿ, ಹಿಂದೆ ಕ್ಯಾರಿಯರ್, ತೂಕ 15.5 ಕೆಜಿ. ರ‍್ಯಾಕ್ ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡದ್ದು. ಆರು ಬೆಲ್ಟ್‌ನದು (ಮೇಲೆ ಎರಡು, ಕೆಳಗೆ ಎರಡು, ಪಕ್ಕಕ್ಕೆ ಎರಡು), ಮೂರು ಸೈಕಲ್‌ಗೆ ಎಂದು ಮಾಡಿದ್ದು. ಅದರ ಚೀಟಿಯಲ್ಲಿ ಸೈಕಲ್ ಒಂದಕ್ಕೆ ಗರಿಷ್ಠ 15 ಕೆಜಿ ಎಂದು ಅಚ್ಚಾಗಿತ್ತು.

ಹೊರಡುವಾಗ ಶಿವಮೊಗ್ಗದಲ್ಲಿ ಒಣ ಬೆಳಗು. ಗಾಜನೂರು ದಾಟುತ್ತಿದ್ದಂತೆ ಮಳೆ ಹಿಡಿಯಿತು. ಸುಮಾರು 30 ಕಿಮೀ ದೂರದ ಮಂಡಗದ್ದೆಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಕಂಡದ್ದು ಹೀಗೆ. ಹೊರಗಿನ ಸೈಕಲ್, ಅಂದರೆ ಎಂಟಿಬಿ, ಒಂದು ಗೇಣು ಕೆಳಗೆ ಜೋತಿತ್ತು. ಬಲಗಡೆಯ ಮೇಲಿನ ಬೆಲ್ಟ್ ಎರಡು ಬೆರಳು ತೂರುವಷ್ಟು ಸಡಿಲವಾಗಿತ್ತು. ಅದರ ಕೊಕ್ಕೆ ಸ್ಪಾಯ್ಲರ್ ಅಂಚಿನಲ್ಲಿ ಜಾರಿ, ಮೂಲೆಯ ಪ್ಲಾಸ್ಟಿಕ್ ಸೀಳಿತ್ತು. ಕೆಳಗಿನ ಎರಡು ಬೆಲ್ಟ್ ಜೋಲಾಡುತ್ತಿದ್ದವು. ಲೇಡೀಸ್ ಸೈಕಲ್‌ನ ಹಿಂದಿನ ಟೈರು ಸೈಲೆನ್ಸರ್ ಬಾಯಿಗೆ ಎದುರಾಗಿ, ಒಂದು ಕೈಯಗಲದ ಅಂತರದಲ್ಲಿತ್ತು. ಟೈರಿನ ಪಕ್ಕೆ ಮುಟ್ಟಿದರೆ ಬಿಸಿ, ಒತ್ತಿದರೆ ಮೆತ್ತಗೆ. ಎಡ ಇಂಡಿಕೇಟರ್ ಬುಟ್ಟಿಯ ಹಿಂದೆ ಪೂರ್ತಿ ಮರೆಯಾಗಿತ್ತು. ರ‍್ಯಾಕ್‌ನ ಫೋಮ್ ಕಾಲು ಕೂತಿದ್ದ ಜಾಗದಲ್ಲಿ ಪೇಂಟಿನ ಮೇಲೆ ಅರ್ಧಚಂದ್ರದ ಗೀರು.

ಅಲ್ಲೇ ಹಗ್ಗ ಬಿಗಿದು ಮುಂದೆ ಹೋಗದೆ ಎರಡೂ ಸೈಕಲ್ ಇಳಿಸಿದರು. ಹಿಂದಿನ ಸೀಟು ಮಡಚಿ ಒಂದನ್ನು ಒಳಗೆ ಹಾಕಿ, ಇನ್ನೊಂದನ್ನು ಪರಿಚಯದವರ ಮನೆಯಲ್ಲಿ ಬಿಟ್ಟು ಊರಿಗೆ ಮರಳಿದರು. ಅದು ಸರಿಯಾದ ತೀರ್ಮಾನ. ಸೀಳಿದ ಸ್ಪಾಯ್ಲರ್‌ಗೆ ಮತ್ತೆ ಅದೇ ಕೊಕ್ಕೆ ಹಾಕಿ ಇನ್ನೂ 65 ಕಿಮೀ ಹೋಗುವುದು ಯಾವ ಲೆಕ್ಕಕ್ಕೂ ಕೂಡುವುದಿಲ್ಲ.

ಕೊಕ್ಕೆ ಹಿಡಿದದ್ದು ಏನನ್ನು?

ಈ ಪ್ರಕರಣದ ಮೂಲ ಇಲ್ಲಿದೆ. ಮೇಲಿನ ಎರಡು ಬೆಲ್ಟ್ ಇಡೀ ಭಾರದ ಬಹುಪಾಲನ್ನು ಹೊರುತ್ತವೆ. ಅವುಗಳ ಕೊಕ್ಕೆ ಡಿಕ್ಕಿ ಬಾಗಿಲಿನ ಮೇಲಂಚಿನ ತಗಡಿನ ಮಡಿಕೆಗೆ ಕೂರಬೇಕು. ಇಲ್ಲಿ ಸ್ಪಾಯ್ಲರ್‌ನ ಅಂಚೇ ಬಾಗಿಲಿನ ಅಂಚಿನಂತೆ ಕಾಣುತ್ತಿದ್ದುದರಿಂದ ಕೊಕ್ಕೆಯನ್ನು ಅದಕ್ಕೇ ಸಿಕ್ಕಿಸಿದ್ದರು. ಸ್ಪಾಯ್ಲರ್ ಎಂಬುದು ಬಾಗಿಲಿಗೆ ನಾಲ್ಕಾರು ಸ್ಕ್ರೂ, ಕ್ಲಿಪ್, ಅಂಟುಪಟ್ಟಿಯಿಂದ ಕೂತಿರುವ ಪ್ಲಾಸ್ಟಿಕ್ ಚಿಪ್ಪು. ಗಾಳಿಯ ಒತ್ತಡ ತಾಳಿಕೊಳ್ಳಲು ಮಾಡಿದ್ದು, ನೇತುಹಾಕಲು ಅಲ್ಲ.

ಕಣ್ಣಿಗೆ ಗೊತ್ತಾಗದಿದ್ದರೆ ಒಂದು ಸಣ್ಣ ಅಯಸ್ಕಾಂತ ಸಾಕು. ಫ್ರಿಡ್ಜ್ ಬಾಗಿಲಿಗೆ ಅಂಟಿಸುವಂಥದ್ದೇ ಆಯಿತು, ನಡುವೆ ತೆಳುಬಟ್ಟೆ ಇಟ್ಟು ಅಂಚಿಗೆ ಹಿಡಿಯಿರಿ. ಅಂಟಿದರೆ ಉಕ್ಕಿನ ತಗಡು, ಕೊಕ್ಕೆ ಹಾಕಬಹುದು. ಅಂಟದಿದ್ದರೆ ಪ್ಲಾಸ್ಟಿಕ್, ಗಾಜು ಅಥವಾ ಅಲ್ಯುಮಿನಿಯಂ. ಮೊದಲೆರಡಕ್ಕೆ ಕೊಕ್ಕೆ ಬೇಡವೇ ಬೇಡ. ಕೆಲವು ಕಾರುಗಳಲ್ಲಿ ಬಾಗಿಲೇ ಪ್ಲಾಸ್ಟಿಕ್‌ನದು ಇರುತ್ತದೆ. ಅಂಥದ್ದಕ್ಕೆ ಈ ಜಾತಿಯ ರ‍್ಯಾಕ್ ಕೂಡದು ಎಂದೇ ತಿಳಿಯಬೇಕು.

ಸ್ಪಾಯ್ಲರ್ ಇರುವ ಎಲ್ಲ ಕಾರಿಗೂ ಇದು ಅಸಾಧ್ಯ ಎಂದಲ್ಲ. ಡಿಕ್ಕಿ ಬಾಗಿಲನ್ನು ತುಸು ತೆರೆದು ಒಳಗಿನಿಂದ ಬೆರಳಾಡಿಸಿದರೆ ಸ್ಪಾಯ್ಲರ್‌ನ ಎರಡೂ ತುದಿಯ ಆಚೆಗೆ, ಬಾಗಿಲಿನ ಮೇಲುಮೂಲೆಯಲ್ಲಿ, ನಾಲ್ಕೈದು ಸೆಂಮೀ ತಗಡಿನ ಅಂಚು ಸಿಗುವುದುಂಟು. ಈ ಕಾರಿನಲ್ಲೂ ಸಿಕ್ಕಿತು. ಅಲ್ಲಿಂದ ಬೆಲ್ಟ್ ಓರೆಯಾಗಿ ಇಳಿದು ಬರುತ್ತದೆ, ನಡೆಯುತ್ತದೆ. ಆದರೆ ಬೆಲ್ಟ್ ಸ್ಪಾಯ್ಲರ್ ತುದಿಗೆ ಉಜ್ಜಬಾರದು. ಅಂಥ ಅಂಚೂ ಸಿಗದಿದ್ದರೆ ಕೊಕ್ಕೆಯ ಬದಲು, ಬೆಲ್ಟ್ ತುದಿಯ ದಪ್ಪ ಗುಂಡಿಯನ್ನು ಬಾಗಿಲಿನ ಒಳಗೆ ಇಟ್ಟು ಬಾಗಿಲು ಮುಚ್ಚುವ ಬಗೆಯ ಅಡಾಪ್ಟರ್ ಬೇಕಾಗುತ್ತದೆ. ಅದು ಒಳಗಡೆಯಿಂದ ತಗಡಿಗೇ ಆತುಕೊಳ್ಳುತ್ತದೆ.

ಕೆಳಗಿನ ಬೆಲ್ಟ್‌ಗಳ ಕತೆ ಬೇರೆ. ಅವುಗಳ ಕೊಕ್ಕೆ ಬಂಪರಿನ ಕೆಳಂಚಿಗೆ ಸರಿಯಾಗಿ ಕೂರದೆ ಹಾಗೇ ಸಿಕ್ಕಿಸಿ ಬಿಟ್ಟಿದ್ದರು. ‘ಭಾರವೆಲ್ಲ ಮೇಲಿನದಕ್ಕೆ ತಾನೆ, ಕೆಳಗಿನದು ಯಾಕೆ’ ಎಂಬ ಎಣಿಕೆ. ನಿಂತ ಕಾರಿಗೆ ಅದು ಸರಿ. ಓಡುವ ಕಾರಿಗೆ ಅಲ್ಲ. ರ‍್ಯಾಕ್ ಇರುವುದು ಹಿಂದಿನ ಗಾಲಿಗಳಿಗಿಂತ ಸುಮಾರು ಒಂದು ಮೀಟರ್ ಹಿಂದೆ. ಹಂಪ್ಸ್ ಮೇಲೆ ಹಿಂದಿನ ಗಾಲಿ ಏರಿದಾಗ, ಕೂತವರಿಗೆ ಅನ್ನಿಸುವುದಕ್ಕಿಂತ ಹೆಚ್ಚು ಎತ್ತರಕ್ಕೆ ರ‍್ಯಾಕ್ ಏರುತ್ತದೆ, ಗಾಲಿ ಇಳಿದಾಗ ಅಷ್ಟೇ ವೇಗವಾಗಿ ಇಳಿಯುತ್ತದೆ. ಕಾರು ಕೆಳಗೆ ಹೋಗುವ ಆ ಕ್ಷಣ ಸೈಕಲ್‌ಗಳು ಇನ್ನೂ ಮೇಲಕ್ಕೇ ಚಿಮ್ಮುತ್ತಿರುತ್ತವೆ. ಮೇಲಿನ ಬೆಲ್ಟ್ ಅರೆಗಳಿಗೆ ಸಡಿಲಾಗಿ, ಮರುಕ್ಷಣ ಪಟ್ಟನೆ ಬಿಗಿಯುತ್ತದೆ. ಕೊಕ್ಕೆ ಕಳಚುವುದೂ ಪ್ಲಾಸ್ಟಿಕ್ ಸೀಳುವುದೂ ಆ ಜಗ್ಗಿಗೆ. ಕೆಳಗಿನ ಬೆಲ್ಟ್ ಬಿಗಿಯಾಗಿದ್ದರೆ ಚಿಮ್ಮಲು ಬಿಡುವುದಿಲ್ಲ, ಆದ್ದರಿಂದ ಜಗ್ಗೂ ಹುಟ್ಟುವುದಿಲ್ಲ. ಪಕ್ಕದ ಎರಡು ಬೆಲ್ಟ್‌ಗಳದು ತಿರುವಿನಲ್ಲಿ ರ‍್ಯಾಕ್ ಎಡಬಲಕ್ಕೆ ಓಲಾಡದಂತೆ ತಡೆಯುವ ಕೆಲಸ. ಮಲೆನಾಡಿನ ದಾರಿಯಲ್ಲಿ ನೇರ ರಸ್ತೆಗಿಂತ ತಿರುವೇ ಹೆಚ್ಚು, ಹಾಗಾಗಿ ಅವನ್ನೂ ಬಿಡುವಂತಿಲ್ಲ.

ಒದ್ದೆ ಬೆಲ್ಟ್

ಬೆಳಿಗ್ಗೆ ಒಣ ಬೆಲ್ಟನ್ನು ಬಿಗಿದು ಹೊರಟವರು ಗಾಜನೂರಿನ ಆಚೆ ನಿಲ್ಲಿಸಿ ನೋಡಲಿಲ್ಲ. ನೈಲಾನ್ ನೀರು ಹೀರುತ್ತದೆ, ಹೀರಿದಾಗ ತುಸು ಹಿಗ್ಗುತ್ತದೆ. ಪಾಲಿಯೆಸ್ಟರ್ ನೀರನ್ನು ಹೆಚ್ಚು ಹೀರದು, ಹೆಚ್ಚು ಹಿಗ್ಗದು. ಈ ರ‍್ಯಾಕ್‌ನ ಬೆಲ್ಟ್ ನೈಲಾನ್‌ನದು. ಒಂದು ಮೀಟರ್ ಬೆಲ್ಟ್ ಒಂದೇ ಒಂದು ಸೆಂಮೀ ಹಿಗ್ಗಿದರೂ ಅಷ್ಟು ಸಾಕು, ಫೋಮ್ ಕಾಲು ಕಾರಿನ ಮೈಯನ್ನು ಒತ್ತಿ ಹಿಡಿಯುವುದನ್ನು ಬಿಟ್ಟು ಉಜ್ಜಲು ಶುರುಮಾಡುತ್ತದೆ. ಪೇಂಟಿನ ಮೇಲಿನ ಗೀರಿಗೆ ಅರ್ಧ ಕಾರಣ ಇದೇ. ಇನ್ನರ್ಧ ಕಾರಣ ಕೆಮ್ಮಣ್ಣಿನ ದೂಳು. ಕಾರು ತೊಳೆಯದೆ ಕಟ್ಟಿದ್ದರಿಂದ ಫೋಮಿನ ಅಡಿಯ ಕಣಗಳು ಉಪ್ಪುಕಾಗದದ ಕೆಲಸ ಮಾಡಿದವು.

ಮಳೆಗಾಲದಲ್ಲಿ ನೈಲಾನ್ ಬೆಲ್ಟ್ ಕಟ್ಟಬೇಕಾಗಿ ಬಂದರೆ ಮೊದಲೇ ಬಕೆಟ್ ನೀರಿನಲ್ಲಿ ಅದ್ದಿ, ಹಿಂಡಿ, ಒದ್ದೆಯಲ್ಲೇ ಬಿಗಿಯುವುದು ಒಳ್ಳೆಯದು. ಹಿಗ್ಗುವುದೆಲ್ಲ ಮನೆಯ ಅಂಗಳದಲ್ಲೇ ಹಿಗ್ಗಿ ಮುಗಿಯುತ್ತದೆ. ದಾರಿಯಲ್ಲಿ ಒಣಗಿದರೆ ಇನ್ನಷ್ಟು ಬಿಗಿಯಾಗುತ್ತದೆಯೇ ಹೊರತು ಸಡಿಲಾಗದು.

ಬಕಲ್‌ನದು ಇನ್ನೊಂದು ಸಂಗತಿ. ಈ ಬೆಲ್ಟ್‌ಗಳ ಬಕಲ್ ಒಳಗೆ ಹಲ್ಲಿನ ಉರುಳೆ ಇರುತ್ತದೆ. ಬೆಲ್ಟ್ ಹಿಂದಕ್ಕೆ ಜಾರಲು ನೋಡಿದರೆ ಹಲ್ಲು ಕಚ್ಚಿಕೊಳ್ಳುತ್ತದೆ. ಹಲ್ಲಿನ ನಡುವೆ ಮಣ್ಣು ತುಂಬಿದ್ದರೆ ಅಥವಾ ಬೆಲ್ಟ್ ಹಳೆಯದಾಗಿ ನುಣುಪಾಗಿದ್ದರೆ ಕಚ್ಚುವುದಿಲ್ಲ. ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಬಕಲ್ ತಿಕ್ಕಿ ತೊಳೆಯುವುದು ಎರಡು ನಿಮಿಷದ ಕೆಲಸ. ಬಿಗಿದ ಮೇಲೆ ಉಳಿದ ಬಾಲವನ್ನು ಬಕಲ್‌ನ ಬುಡಕ್ಕೇ ಎರಡು ಸುತ್ತು ಹಾಕಿ ಗಂಟು ಬಿಗಿಯಬೇಕು. ಹಲ್ಲು ಕಚ್ಚದೆ ಹೋದರೂ ಗಂಟು ಬಕಲ್‌ಗೆ ಬಂದು ತಡೆಯುತ್ತದೆ. ಜೀಪಿನ ಮೇಲೆ ಅಡಕೆ ಮೂಟೆ ಕಟ್ಟುವವರು ಹಗ್ಗದ ಬಾಲವನ್ನು ಎಂದೂ ಹಾಗೇ ಬಿಡುವುದಿಲ್ಲ. ಇಲ್ಲೂ ಅದೇ ರೀತಿ.

ಸೈಕಲ್ ಟ್ಯೂಬ್ ಸೀಳಿ ಮಾಡಿದ ರಬ್ಬರ್ ಪಟ್ಟಿ ನಮ್ಮಲ್ಲಿ ಎಲ್ಲದಕ್ಕೂ ಒದಗುತ್ತದೆ. ಕ್ಯಾರಿಯರ್ ಮೇಲೆ ಹುಲ್ಲಿನ ಹೊರೆ ಕಟ್ಟಲು ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಇಲ್ಲಿ ಭಾರ ಹೊರಲು ಅದನ್ನು ನೆಚ್ಚಬಾರದು. ಎಳೆದರೆ ಉದ್ದವಾಗುವ ವಸ್ತು ಸೈಕಲನ್ನು ಜೋಕಾಲಿ ಆಡಿಸುತ್ತದೆ. ಪೆಡಲ್ ಸುತ್ತಲು, ಗಾಲಿ ತಿರುಗದಂತೆ ಹಿಡಿಯಲು, ಎರಡು ಫ್ರೇಮ್ ನಡುವೆ ಮೆತ್ತೆಯಾಗಿ ಅದು ಬೇಕೇ ಬೇಕು. ಎರಡು ಹಳೇ ಟ್ಯೂಬ್ ಇದ್ದರೆ ಈ ಕೆಲಸಕ್ಕೆಲ್ಲ ಸಾಕು.

ಭಾರದ ಲೆಕ್ಕ

‘ಮೂರು ಸೈಕಲ್, ತಲಾ 15, ಅಂದರೆ 45 ಕೆಜಿ. ನಮ್ಮದು ಎರಡು ಸೇರಿ 33. ಇನ್ನೂ 12 ಕೆಜಿ ಉಳಿತಾಯ.’ ಹೊರಡುವ ಮುನ್ನ ಮಾಡಿಕೊಂಡ ಲೆಕ್ಕ ಇದು. ಒಟ್ಟು ಭಾರ ನೋಡಿದರೆ ತಪ್ಪಿಲ್ಲ. ಆದರೆ ಚೀಟಿಯಲ್ಲಿ ‘ಸೈಕಲ್ ಒಂದಕ್ಕೆ’ ಎಂದಿರುವುದಕ್ಕೆ ಅರ್ಥವಿದೆ. ಸೈಕಲ್ ಕೂರುವ ತೊಟ್ಟಿಲು, ಅದರ ರಬ್ಬರ್ ಪಟ್ಟಿ, ಆ ಜಾಗದ ತೋಳು, ಇವೆಲ್ಲ 15 ಕೆಜಿಗೇ ಮಾಡಿದವು. ನಮ್ಮ ಅಂಗಡಿಗಳಲ್ಲಿ ಸಿಗುವ ಉಕ್ಕಿನ ಎಂಟಿಬಿಗಳು 16 ರಿಂದ 19 ಕೆಜಿ ತೂಗುತ್ತವೆ, ಹಳೇ ಕಾಲದ ದೊಡ್ಡ ಸೈಕಲ್ 20 ದಾಟುತ್ತದೆ. ಹಾಗಾಗಿ ಬಚ್ಚಲುಮನೆಯ ತೂಕದ ಯಂತ್ರದ ಮೇಲೆ ಮೊದಲು ನೀವೊಬ್ಬರೇ, ಆಮೇಲೆ ಸೈಕಲ್ ಎತ್ತಿಕೊಂಡು ನಿಂತು, ವ್ಯತ್ಯಾಸ ನೋಡದೆ ಯಾವ ಸೈಕಲನ್ನೂ ಏರಿಸಬೇಡಿ.

ಭಾರಕ್ಕಿಂತ ಮುಖ್ಯ ಅದು ಕಾರಿನಿಂದ ಎಷ್ಟು ದೂರ ನೇತಿದೆ ಎಂಬುದು. ಈ ರ‍್ಯಾಕ್‌ನಲ್ಲಿ ಒಳಗಿನ ಸೈಕಲ್ ಕಾರಿನ ಮೈಯಿಂದ 25 ಸೆಂಮೀ, ಹೊರಗಿನದು 45 ಸೆಂಮೀ. ಭಾರವನ್ನು (ಕೆಜಿ) ಈ ದೂರದಿಂದ (ಸೆಂಮೀ) ಗುಣಿಸಿದರೆ ರ‍್ಯಾಕ್ ಮೇಲೆ ಬೀಳುವ ಜಗ್ಗಿನ ಅಂದಾಜು ಸಿಗುತ್ತದೆ. ಮೊದಲ ಸಲ ಕಟ್ಟಿದ ಹಾಗೆ: 15.5 × 25 ಮತ್ತು 17.5 × 45, ಕೂಡಿದರೆ 1175. ಭಾರದ ಸೈಕಲನ್ನು ಒಳಗೆ ಹಾಕಿದ್ದರೆ 1135. ‘ಭಾರದ್ದು ಒಳಗೆ’ ಎಂಬ ಮಾತು ನಿಜವೇ, ಆದರೆ ಎರಡೂ ಹೆಚ್ಚುಕಮ್ಮಿ ಸಮಭಾರದವಾದರೆ ಅದರಿಂದ ಸಿಗುವುದು ಅಷ್ಟೇ. ಭಾರ ಇಳಿಸಿದರೆ ಸಿಗುವುದು ಹೆಚ್ಚು. ಎಂಟಿಬಿಯ ಮುಂದಿನ ಗಾಲಿ 2.3 ಕೆಜಿ, ಕೊಳವೆ ಸಮೇತ ಸೀಟು 0.9 ಕೆಜಿ. ತೆಗೆದರೆ ಉಳಿಯುವುದು 14.3. ಲೇಡೀಸ್ ಸೈಕಲ್‌ನ ಬುಟ್ಟಿ, ಬೀಗದ ಸರಪಳಿ, ಬಾಟಲಿ ತೆಗೆದರೆ 14.5. ಎರಡೂ ಚೀಟಿಯ ಮಿತಿಯ ಒಳಗೆ ಬಂದವು. ಈಗ ಲೆಕ್ಕ 14.5 × 25 ಮತ್ತು 14.3 × 45, ಅಂದರೆ 1006. ಮೊದಲಿಗಿಂತ ನೂರಕ್ಕೆ 14ರಷ್ಟು ಕಡಿಮೆ. ಹೊರಗಿನ ಸೈಕಲ್ ಐದು ಸೆಂಮೀ ಒಳಗೆ ಸರಿದರೂ ಈ 1006ರಲ್ಲಿ ಇನ್ನೊಂದು 70ರಷ್ಟು ಇಳಿಯುತ್ತದೆ. ಹ್ಯಾಂಡಲ್, ಪೆಡಲ್ ಅಡ್ಡ ಬಾರದಂತೆ ಹೊಂದಿಸಿ ಎರಡನ್ನೂ ಆದಷ್ಟು ಹತ್ತಿರ ಕೂರಿಸಲು ಪಡುವ ಕಷ್ಟ ಸಾರ್ಥಕ.

ಮುಂದಿನ ಗಾಲಿ ತೆಗೆಯುವುದರಿಂದ ಅಗಲವೂ ಒಳಗೆ ಬರುತ್ತದೆ. ಎಂಟಿಬಿಯ ಎರಡು ಗಾಲಿಗಳ ನಡುವಿನ ಅಂತರ 112 ಸೆಂಮೀ, ಟೈರಿನ ವ್ಯಾಸ 70. ಅಂದರೆ ಒಟ್ಟು ಉದ್ದ 182 ಸೆಂಮೀ, ಕಾರಿಗಿಂತ 9 ಸೆಂಮೀ ಹೆಚ್ಚು. ಫ್ರೇಮಿನಿಂದ ನೇತುಹಾಕಿದಾಗ ಸೈಕಲ್ ಸರಿಯಾಗಿ ನಡುವೆ ಬರದೆ ಈ 9 ಸೆಂಮೀ ಬಹುಪಾಲು ಒಂದೇ ಕಡೆ ಚಾಚುತ್ತದೆ. ಗಾಲಿ ತೆಗೆದರೆ ಉದ್ದ 147. ಕಾರಿನ ಮೈಯಿಂದ ಪಕ್ಕಕ್ಕೆ ಏನೂ ಚಾಚದಿರುವುದು ಬರೀ ಅಂದದ ಮಾತಲ್ಲ. ಮೋಟಾರು ವಾಹನ ಕಾಯ್ದೆಯ 194(1ಎ) ಕಲಮಿನ ಪ್ರಕಾರ ಅನುಮತಿಸಿದ ಮಿತಿ ಮೀರಿ ಪಕ್ಕಕ್ಕೆ, ಹಿಂದಕ್ಕೆ ಅಥವಾ ಎತ್ತರಕ್ಕೆ ಚಾಚಿದ ಹೊರೆಗೆ ದಂಡ 20,000 ರೂಪಾಯಿ.

ಎರಡನೆಯ ಸಲ ಕಟ್ಟಿದ ಬಗೆ

ಹದಿನೈದು ದಿನದ ಮೇಲೆ ಅದೇ ಕಾರು, ಅದೇ ರ‍್ಯಾಕ್, ಅದೇ ಎರಡು ಸೈಕಲ್. ಹೊಸದಾಗಿ ಕೊಂಡದ್ದು ನಾಲ್ಕು: 25 ಮಿಮೀ ಅಗಲದ ಎರಡು ಪಾಲಿಯೆಸ್ಟರ್ ಬೆಲ್ಟ್, ಲೇಡೀಸ್ ಸೈಕಲ್‌ಗೆ ಸೀಟಿನ ಕೊಳವೆಯಿಂದ ಹ್ಯಾಂಡಲ್ ಬುಡಕ್ಕೆ ಸಿಕ್ಕಿಸುವ ಒಂದು ಅಡ್ಡಕಂಬಿ, ಪೇಂಟಿಗೆ ಅಂಟಿಸುವ ಪಾರದರ್ಶಕ ಫಿಲ್ಮ್‌ನ ನಾಲ್ಕು ತುಂಡು, ಒಂದು ಕೆಂಪು ಎಲ್‌ಇಡಿ ದೀಪ.

ಮೊದಲು ಕಾರಿನ ಹಿಂಬದಿ ತೊಳೆದು ಒರೆಸಿ, ಫೋಮ್ ಕಾಲು ಕೂರುವ ನಾಲ್ಕು ಜಾಗಕ್ಕೆ ಫಿಲ್ಮ್ ಅಂಟಿಸಲಾಯಿತು. ಫಿಲ್ಮ್ ಬದಲು ಹಳೇ ಬಟ್ಟೆ ಮಡಚಿ ಇಡುವವರಿದ್ದಾರೆ. ಬಟ್ಟೆ ಜಾರುತ್ತದೆ, ದೂಳು ಹಿಡಿದಿಟ್ಟುಕೊಳ್ಳುತ್ತದೆ, ಒದ್ದೆಯಾದರೆ ಇನ್ನೂ ಕೆಟ್ಟದ್ದು. ಮೇಲಿನ ಫೋಮ್ ಕಾಲುಗಳು ಗಾಜಿನ ಮೇಲಲ್ಲ, ಗಾಜಿನ ಕೆಳಗಿನ ತಗಡಿನ ಮೇಲೆ ಬಂದವು. ಕೆಳಗಿನವು ಬಂಪರ್ ಮೇಲೆ. ತೋಳುಗಳು ನೆಲಕ್ಕೆ ಸಮನಾಗಿ ಇರುವುದಕ್ಕಿಂತ ತುದಿ ಸ್ವಲ್ಪ ಮೇಲೆದ್ದಿರುವಂತೆ ಕೋನ ಹೊಂದಿಸಿದರು. ಭಾರ ಬಿದ್ದಾಗ ತೋಳು ಒಂದಿಷ್ಟು ಕೆಳಗಿಳಿಯುತ್ತದೆ, ಆಗಲೂ ಸೈಕಲ್ ಹೊರಕ್ಕೆ ಜಾರುವ ಇಳಿಜಾರು ಆಗಬಾರದು.

ಬೆಲ್ಟ್ ಬಿಗಿಯಲು ಒಂದು ಕ್ರಮವಿದೆ. ಮೇಲಿನ ಎರಡನ್ನು ತಗಡಿನ ಅಂಚಿಗೆ ಹಾಕಿ ರ‍್ಯಾಕ್ ತೂಗುವಷ್ಟು ಮಾತ್ರ ಬಿಗಿಯಿರಿ. ಆಮೇಲೆ ಕೆಳಗಿನ ಎರಡು. ಈ ಕಾರಿನಲ್ಲಿ ಬಂಪರಿನ ಪ್ಲಾಸ್ಟಿಕ್ ಅಂಚು ತೆಳು ಇದ್ದುದರಿಂದ ಕೊಕ್ಕೆಯನ್ನು ಡಿಕ್ಕಿ ಬಾಗಿಲಿನ ಕೆಳಂಚಿನ ತಗಡಿಗೆ ಹಾಕಲಾಯಿತು. ಆಮೇಲೆ ಪಕ್ಕದ ಎರಡು. ಇಷ್ಟಾದ ಮೇಲೆ ಒಬ್ಬರು ಎರಡೂ ಕೈಯಿಂದ ರ‍್ಯಾಕನ್ನು ಕೆಳಕ್ಕೆ ಅದುಮಿ ಹಿಡಿದಿರುವಾಗ ಇನ್ನೊಬ್ಬರು ಮೇಲಿನದರಿಂದ ಶುರುಮಾಡಿ ಆರನ್ನೂ ಮತ್ತೊಮ್ಮೆ ಬಿಗಿಯಬೇಕು. ಫೋಮ್ ಅರ್ಧಕ್ಕೆ ಅದುಮಿ ಹೋಗುವ ತನಕ ಬಿಗಿಯಬೇಕಿಲ್ಲ. ಅಷ್ಟು ಬಿಗಿದರೆ ತಗಡು ತಗ್ಗುತ್ತದೆ.

ಪರೀಕ್ಷೆ ಹೀಗೆ: ತೋಳಿನ ತುದಿ ಹಿಡಿದು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಜೋರಾಗಿ ಅಲುಗಾಡಿಸಿ. ಇಡೀ ಕಾರು ಸ್ಪ್ರಿಂಗ್ ಮೇಲೆ ಅಲುಗಬೇಕು, ರ‍್ಯಾಕ್ ಬೇರೆಯಾಗಿ ಅಲುಗಬಾರದು.

ಸೈಕಲ್ ಏರಿಸುವ ಮುನ್ನ ಗಾಲಿ ತೆಗೆದ ಎಂಟಿಬಿಯ ಬ್ರೇಕ್ ಪ್ಯಾಡ್‌ಗಳ ನಡುವೆ ಮಡಚಿದ ರಟ್ಟಿನ ತುಂಡು ತುರುಕಿದರು. ಎಣ್ಣೆಯ ಡಿಸ್ಕ್ ಬ್ರೇಕ್ ಆದರೆ ಇದು ಮರೆಯುವಂತಿಲ್ಲ. ಡಿಸ್ಕ್ ಇಲ್ಲದಿರುವಾಗ ಯಾರಾದರೂ ಲಿವರ್ ಅದುಮಿದರೆ ಪ್ಯಾಡ್‌ಗಳು ಒಂದಕ್ಕೊಂದು ಅಂಟಿ ಕೂತು, ಗಾಲಿ ಮತ್ತೆ ಒಳಗೆ ಹೋಗುವುದೇ ಇಲ್ಲ. ಸೀಟು ತೆಗೆದ ಕೊಳವೆಯ ಬಾಯಿಗೆ ಪ್ಲಾಸ್ಟಿಕ್ ಕೊಟ್ಟೆ ಸುತ್ತಿ ಟ್ಯೂಬ್ ಪಟ್ಟಿಯಿಂದ ಕಟ್ಟಿದರು. ಇಲ್ಲದಿದ್ದರೆ ಆ ಬಾಯಿಯಿಂದ ಮಳೆನೀರು ಫ್ರೇಮಿನೊಳಗೆ ಇಳಿದು, ಪೆಡಲ್ ಅಚ್ಚಿನ ಬೇರಿಂಗ್‌ನಲ್ಲಿ ನಿಲ್ಲುತ್ತದೆ. ಇಡೀ ಸೈಕಲ್‌ಗೆ ಹೊದಿಕೆ ಹಾಕುವುದು ಮಾತ್ರ ಬೇಡ. ಗಾಳಿಗೆ ಅದು ಹಾಯಿಯಂತೆ ಉಬ್ಬಿ, ಬೆಲ್ಟ್‌ಗಳನ್ನೆಲ್ಲ ಜಗ್ಗುತ್ತದೆ.

ಲೇಡೀಸ್ ಸೈಕಲ್ ಒಳಗೆ, ಹ್ಯಾಂಡಲ್ ಎಡಕ್ಕೆ. ಎಂಟಿಬಿ ಹೊರಗೆ, ಹ್ಯಾಂಡಲ್ ಬಲಕ್ಕೆ. ಎರಡನ್ನೂ ಒಂದೇ ದಿಕ್ಕಿಗೆ ಹಾಕಿದರೆ ಹ್ಯಾಂಡಲ್‌ಗೆ ಹ್ಯಾಂಡಲ್ ತಾಗಿ ಎರಡೂ ದೂರ ದೂರ ಕೂರಬೇಕಾಗುತ್ತದೆ. ಮೊದಲ ಸಲ ಲೇಡೀಸ್ ಸೈಕಲನ್ನು ಅದರ ಇಳಿಜಾರು ಕಂಬಿಯಿಂದಲೇ ನೇತುಹಾಕಿದ್ದರು. ಆಗ ಅದು ಹಿಂದಿನ ಗಾಲಿ ಕೆಳಗಾಗಿ ಓರೆ ನಿಂತು, ಟೈರು ಸೈಲೆನ್ಸರ್ ಬಾಯಿಗೆ ಹೋಗಿತ್ತು. ಅಡ್ಡಕಂಬಿ ಹಾಕಿದ ಮೇಲೆ ಸಮನಾಗಿ ನಿಂತಿತು. ಟೈರಿಗೂ ಸೈಲೆನ್ಸರ್ ಬಾಯಿಗೂ ಒಂದು ಮೊಳದಷ್ಟು ಅಂತರ ಸಿಕ್ಕಿತು, ಅದಕ್ಕಿಂತ ಕಡಿಮೆ ಆಗಬಾರದು. ಕಾರ್ಬನ್ ಫ್ರೇಮಿನ ಸೈಕಲ್ ಇದ್ದವರು ಈ ಬಗೆಯ ರ‍್ಯಾಕ್‌ನ ಯೋಚನೆಯನ್ನೇ ಬಿಡುವುದು ಕ್ಷೇಮ. ಕಂಬಿಯನ್ನು ಹಿಡಿದು ಬಿಗಿಯುವುದನ್ನು ಅದು ತಾಳದು.

ಪ್ರತಿ ಸೈಕಲನ್ನು ತೊಟ್ಟಿಲಿನ ರಬ್ಬರ್ ಪಟ್ಟಿಯಿಂದ ಹಿಡಿಸಿದ ಮೇಲೆ, ಅದರ ಮೇಲೆ ಪಾಲಿಯೆಸ್ಟರ್ ಬೆಲ್ಟ್ ಸುತ್ತಿ ತೋಳಿಗೆ ಬಿಗಿಯಲಾಯಿತು. ರಬ್ಬರ್ ಪಟ್ಟಿ ಬಿಸಿಲಿಗೆ ಬಿರುಕು ಬಿಡುವ ವಸ್ತು, ಅದನ್ನು ಬಾಗಿಸಿ ನೋಡಿದರೆ ಕಾಣುತ್ತದೆ. ಪೆಡಲ್‌ಗಳಿಗೆ ಟ್ಯೂಬ್ ಸುತ್ತಿ, ಕ್ರ್ಯಾಂಕನ್ನು (ಪೆಡಲ್ ಕೂತಿರುವ ಕಂಬಿ) ಫ್ರೇಮಿಗೆ ಕಟ್ಟಿ, ಲೇಡೀಸ್ ಸೈಕಲ್‌ನ ಮುಂದಿನ ಗಾಲಿಯನ್ನು ಫ್ರೇಮಿಗೆ ಕಟ್ಟಿದರು. ಕಟ್ಟದ ಗಾಲಿ ಗಾಳಿಗೆ ತಿರುಗಿ ಹ್ಯಾಂಡಲನ್ನೂ ತಿರುಗಿಸುತ್ತದೆ, ಹ್ಯಾಂಡಲ್ ತುದಿ ಹಿಂದಿನ ಗಾಜಿಗೆ ಬಡಿಯುತ್ತದೆ. ಎಲ್ಲ ಮುಗಿದ ಮೇಲೆ ಕೆಳಗಿನ ಎರಡು ಬೆಲ್ಟನ್ನು ಮತ್ತೊಮ್ಮೆ ಜಗ್ಗಿ ನೋಡಬೇಕು. ಭಾರ ಬಿದ್ದು ರ‍್ಯಾಕ್ ಕೂತಾಗ ಮೇಲಿನವು ಬಿಗಿದು ಕೆಳಗಿನವು ಸಡಿಲಾಗುವುದು ಸಹಜ. ಹೆಚ್ಚಿನವರು ಮರೆಯುವುದು ಈ ಹೆಜ್ಜೆಯನ್ನೇ.

ಕೊನೆಯದು, ಒಂದು ಕಾಪು ಬೆಲ್ಟ್. ಅದರ ಒಂದು ತುದಿಗೆ ದಪ್ಪ ಗಂಟು ಹಾಕಿ ಡಿಕ್ಕಿ ಬಾಗಿಲಿನ ಒಳಗೆ, ಬೀಗದಿಂದ ದೂರದಲ್ಲಿ ಇಟ್ಟು ಬಾಗಿಲು ಹಾಕಿದ್ದರು. ಇನ್ನೊಂದು ತುದಿ ಎರಡೂ ಫ್ರೇಮಿನೊಳಗಿಂದ ಹಾದು ರ‍್ಯಾಕ್‌ಗೆ ಸುತ್ತಿ ಬಂತು. ಅದು ಭಾರ ಹೊರುವುದಿಲ್ಲ. ಆರು ಬೆಲ್ಟ್‌ನಲ್ಲಿ ಯಾವುದು ಕೈಕೊಟ್ಟರೂ ಸೈಕಲ್ ಹಿಂದಿನ ಬೈಕ್ ಸವಾರನ ಮೇಲೆ ಹೋಗದಂತೆ ತಡೆಯುತ್ತದೆ. ಈ ಒಂದನ್ನು ಯಾವ ಕಾರಣಕ್ಕೂ ಬಿಡಬಾರದು.

ಹೊರಡುವ ಮೊದಲು ಒಬ್ಬರು ಹತ್ತು ಮೀಟರ್ ಹಿಂದೆ ನಿಂತು ಬ್ರೇಕ್ ಲೈಟ್, ಎರಡೂ ಇಂಡಿಕೇಟರ್, ನಂಬರ್ ಪ್ಲೇಟ್ ನೋಡಿದರು. ಕ್ರ್ಯಾಂಕ್ ನಂಬರ್ ಪ್ಲೇಟಿಗೆ ಅಡ್ಡ ಬರುತ್ತಿತ್ತು. ರ‍್ಯಾಕನ್ನು 8 ಸೆಂಮೀ ಮೇಲಕ್ಕೆ ಸರಿಸಿ ಮತ್ತೆ ಎಲ್ಲ ಬಿಗಿಯಬೇಕಾಯಿತು. ಬೇಸರದ ಕೆಲಸ, ಆದರೆ ಬೇರೆ ದಾರಿಯಿಲ್ಲ. ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ ನಂಬರ್ ಪ್ಲೇಟ್) ಬಂದ ಮೇಲೆ ನಂಬರನ್ನು ರಟ್ಟಿನ ಮೇಲೆ ಬರೆದು ಸೈಕಲ್‌ಗೆ ತೂಗುಹಾಕಿದರೆ ನಡೆಯುವುದಿಲ್ಲ. ಕೆಂಪು ಎಲ್‌ಇಡಿಯನ್ನು ಹೊರಗಿನ ಸೈಕಲ್‌ನ ಅತಿ ಹಿಂದಿನ ಭಾಗಕ್ಕೆ ಕಟ್ಟಿದರು. ಆಗುಂಬೆಯ ಮಂಜಿನಲ್ಲಿ ಹಿಂದಿನವರಿಗೆ ಕಾರಿನ ದೀಪ ಕಂಡರೂ, ಅದಕ್ಕಿಂತ ಮುಕ್ಕಾಲು ಮೀಟರ್ ಹಿಂದೆ ಚಾಚಿರುವ ಸೈಕಲ್ ಕಾಣುವುದಿಲ್ಲ.

ಡಿಕ್ಕಿ ತೆರೆಯುವಂತಿಲ್ಲ

ರ‍್ಯಾಕ್ ಕಟ್ಟಿದ ಮೇಲೆ ಡಿಕ್ಕಿ ಬಾಗಿಲು ತೆರೆಯಬಾರದು. ಒಮ್ಮೆ ತೆರೆದರೆ ಅಷ್ಟೂ ಬೆಲ್ಟ್ ಮತ್ತೆ ಮೊದಲಿನಿಂದ. ರಿಮೋಟಿನಲ್ಲಿ ಡಿಕ್ಕಿಯ ಬಟನ್ ಇದ್ದರೆ ಮಕ್ಕಳ ಕೈಗೆ ಕೀ ಕೊಡಬೇಡಿ. ಇದರಲ್ಲಿ ಅಡಗಿರುವ ದೊಡ್ಡ ತೊಂದರೆ ಸ್ಟೆಪ್ನಿ. ಹೆಚ್ಚಿನ ಹ್ಯಾಚ್‌ಬ್ಯಾಕ್‌ಗಳಲ್ಲಿ ಅದು ಡಿಕ್ಕಿಯ ತಳದಲ್ಲಿರುತ್ತದೆ. ಜಡಿಮಳೆಯಲ್ಲಿ ಕಾಡಿನ ನಡುವೆ ಪಂಕ್ಚರ್ ಆದರೆ ಮೊದಲು ಎರಡು ಸೈಕಲ್ ಇಳಿಸಿ, ರ‍್ಯಾಕ್ ಬಿಚ್ಚಬೇಕು. ಆದ್ದರಿಂದ ಜಾಕ್, ಗಾಲಿ ಪಾನಾ, ಟ್ಯೂಬ್‌ಲೆಸ್ ಪಂಕ್ಚರ್ ಕಿಟ್, 12 ವೋಲ್ಟ್‌ನ ಗಾಳಿ ಪಂಪು, ಔಷಧಿ, ಕೊಡೆ ಎಲ್ಲವನ್ನೂ ಮುಂದಿನ ಕಡೆಗೆ ತಂದಿಟ್ಟರು. ಹೆಚ್ಚಿನ ಪಂಕ್ಚರ್ ಕಿಟ್‌ನಿಂದಲೇ ಸರಿಹೋಗುತ್ತದೆ.

ಹಿಂದಿನ ವೈಪರ್ ಇನ್ನೊಂದು ಕಾಣದ ಅಪಾಯ. ಮುಂದಿನ ವೈಪರ್ ಓಡುತ್ತಿರುವಾಗ ರಿವರ್ಸ್ ಗೇರ್ ಹಾಕಿದರೆ ಹಿಂದಿನದೂ ತಾನಾಗಿ ಓಡುವ ಕಾರುಗಳಿವೆ. ಬೆಲ್ಟ್‌ಗೆ ಸಿಕ್ಕಿ ಮೋಟಾರು ಸುಟ್ಟೀತು. ಸೆಟ್ಟಿಂಗ್‌ನಲ್ಲಿ ನಿಲ್ಲಿಸಲು ಆಗದಿದ್ದರೆ ಅದರ ಫ್ಯೂಸ್ ತೆಗೆದಿಡಿ.

ದಾರಿಯಲ್ಲಿ

ಮೊದಲ ತಪಾಸಣೆ ಐದು ಕಿಮೀ ಆಗುವುದರೊಳಗೆ, ಊರು ದಾಟುವ ಮುನ್ನ. ಎರಡನೆಯದು ಗಾಜನೂರಿನಲ್ಲಿ, ಮೂರನೆಯದು ಮಂಡಗದ್ದೆ, ನಾಲ್ಕನೆಯದು ತೀರ್ಥಹಳ್ಳಿ. ಪ್ರತಿ ಸಲ ಆರು ಬೆಲ್ಟನ್ನು ಬೆರಳಿನಿಂದ ಮೀಟಿ ನೋಡಿದರೆ ಸಾಕು. ಬಿಗಿ ಇದ್ದರೆ ತಂತಿಯಂತೆ ಮಿಡಿಯುತ್ತದೆ, ಸಡಿಲಿದ್ದರೆ ಸದ್ದೇ ಬರದು. ಎರಡನೆಯ ಪಯಣದಲ್ಲಿ ಗಾಜನೂರಿನಲ್ಲಿ ಎರಡು ಬೆಲ್ಟನ್ನು ಅರ್ಧ ಸೆಂಮೀಯಷ್ಟು ಬಿಗಿಯಬೇಕಾಯಿತು. ಆಮೇಲೆ ಏನೂ ಬೇಕಾಗಲಿಲ್ಲ.

ವೇಗ 60 ಕಿಮೀ ದಾಟದಿರಲಿ. ಹಂಪ್ಸ್ ಮೇಲೆ ನಡೆಯುವಷ್ಟು ನಿಧಾನ, ಅದರಲ್ಲೂ ಹಿಂದಿನ ಗಾಲಿ ಇಳಿಯುವಾಗ. ಮಳೆನೀರು ನಿಂತ ಗುಂಡಿಗಳ ಆಳ ತಿಳಿಯದು, ಮುಂದಿನ ಬಸ್ಸಿನ ಗಾಲಿ ಎಷ್ಟು ಇಳಿಯಿತು ಎಂದು ನೋಡಿಕೊಂಡು ಹೋಗಬೇಕು. ಮಲೆನಾಡಿನ ಮನೆಗಳ ಅಂಗಳಕ್ಕೆ ಇಳಿಯುವ ಕಡಿದಾದ ದಾರಿಯಲ್ಲಿ ಸೈಕಲ್ ಗಾಲಿ ನೆಲಕ್ಕೆ ತಾಗುವ ಸಂಭವ ಹೆಚ್ಚು. ಅಲ್ಲಿ ಕಾರನ್ನು ರಸ್ತೆಯಲ್ಲೇ ನಿಲ್ಲಿಸಿ ಸೈಕಲ್ ಇಳಿಸಿಕೊಳ್ಳುವುದೇ ಸರಿ. ರಿವರ್ಸ್ ಸೆನ್ಸರ್ ಸುಮ್ಮನೆ ಕೂಗುತ್ತಲೇ ಇರುತ್ತದೆ, ಕ್ಯಾಮೆರಾಕ್ಕೆ ಟೈರು ಬಿಟ್ಟು ಬೇರೇನೂ ಕಾಣದು. ಹಿಂದಕ್ಕೆ ತೆಗೆಯುವಾಗ ಒಬ್ಬರು ಇಳಿದು ನಿಂತು ಹೇಳಲೇಬೇಕು.

ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳು. ಇವರು ಅಲ್ಲಿಗೆ ಇಳಿಯಲಿಲ್ಲ, ಇಳಿಯುವ ಅಗತ್ಯವೂ ಇರಲಿಲ್ಲ. ಇಳಿಯಲೇಬೇಕಾದವರಿಗೆ ಗೊತ್ತಿರಬೇಕಾದ್ದು: ಪೂರ್ತಿ ಸ್ಟಿಯರಿಂಗ್ ತಿರುಗಿಸಿದಾಗ ಕಾರಿನ ಬಾಲ ತಿರುವಿನ ಹೊರಮಗ್ಗುಲಿಗೆ ಬೀಸುತ್ತದೆ, ಸೈಕಲ್ ಇರುವಾಗ ಆ ಬೀಸು ಇನ್ನೂ ದೊಡ್ಡದು. ಎದುರಿಗೆ ಬಸ್ಸು ಬರುತ್ತಿದ್ದರೆ ಅದು ತಿರುವು ಮುಗಿಸುವ ತನಕ ಮೇಲೆಯೇ ನಿಂತು ಕಾಯಿರಿ.

ಆಗುಂಬೆ ಮುಟ್ಟಿದಾಗ ಸೈಕಲ್ ಎರಡೂ ಕೆಸರಿನ ಬೊಂಬೆಯಾಗಿದ್ದವು. ಹ್ಯಾಚ್‌ಬ್ಯಾಕ್‌ನ ಬೆನ್ನ ಹಿಂದೆ ಗಾಳಿ ಸುಳಿಸುತ್ತಿ, ಗಾಲಿ ಎರಚಿದ ನೀರನ್ನೆಲ್ಲ ಮೇಲೆಳೆದುಕೊಳ್ಳುತ್ತದೆ. ಆ ನೀರಿನಲ್ಲಿ ರಸ್ತೆಯ ಮರಳೂ ಇರುತ್ತದೆ, ಎಣ್ಣೆಯ ಅಂಶವೂ ಇರುತ್ತದೆ. ಹಾಗೇ ಹತ್ತಿ ತುಳಿದರೆ ಚೈನು ಸವೆಯುತ್ತದೆ, ಡಿಸ್ಕ್ ಬ್ರೇಕ್ ಕಿರುಚುತ್ತದೆ. ಮಗ್ಗಿನಿಂದ ನೀರು ಹುಯ್ದು ತೊಳೆದು, ಡಿಸ್ಕನ್ನು ಶುದ್ಧ ಬಟ್ಟೆಯಿಂದ ಒರೆಸಿ, ಚೈನು ಒರೆಸಿ ಎಣ್ಣೆ ಹಾಕಲು ಕಾಲು ಗಂಟೆ ಹಿಡಿಯಿತು. ಮುಂದಿನ ಗಾಲಿ ಹಾಕಿದ ಮೇಲೆ ಸೈಕಲ್ ಎತ್ತಿ, ಗಾಲಿ ತಿರುಗಿಸಿ, ಬ್ರೇಕ್ ಹಿಡಿದು ನೋಡಿದರು. ಗಾಲಿಯ ಅಚ್ಚನ್ನು ಬಿಗಿಯುವ ಕ್ವಿಕ್ ರಿಲೀಸ್ ಲಿವರ್ ಮುಚ್ಚುವಾಗ ಅಂಗೈಯಲ್ಲಿ ಅದರ ಗುರುತು ಮೂಡುವಷ್ಟು ಬಿಗಿ ಇರಬೇಕು.

ಊರಿಗೆ ಮರಳಿದ ಮೇಲೆ ಆರು ಬೆಲ್ಟನ್ನೂ ಸಾಬೂನು ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿದರು. ಮೇಲಿನ ಬಲ ಬೆಲ್ಟ್‌ನಲ್ಲಿ ಬಕಲ್ ಕಚ್ಚಿದ್ದ ಜಾಗದ ನೂಲು ಎದ್ದಿತ್ತು. ಅದನ್ನು ಕತ್ತರಿಸಿ ಬಿಸಾಡಿ, ಅಲ್ಲಿಗೆ 25 ಮಿಮೀಯ ಪಾಲಿಯೆಸ್ಟರ್ ಬೆಲ್ಟ್ ಹಾಕಿಟ್ಟರು.